ದರ್ಜಿಯ ಕೈಮಾತು

ದರ್ಜಿಗೆ ಉಗ್ಗು ಹುಟ್ಟಿನಿಂದ ಬಂದದ್ದು, ಗೇಲಿ ಊರಿನಿಂದ ಬಂದದ್ದು. "ನಿನ್ನ ಮೆಷಿನ್ ನೋಡಪ್ಪಾ, ಎಷ್ಟು ಸರಾಗವಾಗಿ ಓಡುತ್ತೆ! ನಾಲಿಗೆಗೂ ಒಂಚೂರು ಎಣ್ಣೆ ಬಿಡಬಾರದಾ?" ಎನ್ನುತ್ತಿದ್ದರು ಗಿರಾಕಿಗಳು. ಅವನ ಉತ್ತರ ಹೊರಡುವಷ್ಟರಲ್ಲಿ ಅವರು ಬೀದಿ ದಾಟಿರುತ್ತಿದ್ದರು. ಮನೆಯಲ್ಲಿ ಹೆಂಡತಿ ಅವನ ಮಾತನ್ನು ಅರ್ಧಕ್ಕೇ ಹಿಡಿದು ತಾನೇ ಮುಗಿಸುವಳು. ಉಪ್ಪು ಕೇಳಲು ಬಾಯಿ ತೆರೆದರೆ ನೀರು ತಂದಿಡುವಳು. ಅವನು ಸಪ್ಪೆ ಉಂಡೇ ಏಳುತ್ತಿದ್ದ.

ಇಂಥವನು ದೂರದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸು ಮಾಡಿದಾಗ ಊರಿನ ರೇಡಿಯೋ ಕ್ಲಬ್ಬಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಆಗಿನ ನಿಯಮವೇ ಹಾಗಿತ್ತು: ಹೊಸದಾಗಿ ಲೈಸೆನ್ಸ್ ಪಡೆದವರು ಕಡಲು ದಾಟುವ ಶಾರ್ಟ್‌ವೇವ್‌ನಲ್ಲಿ ಬಾಯಿ ಬಿಡುವಂತಿಲ್ಲ, ಮೋರ್ಸ್ ಕೀಯಲ್ಲಿ ಸಂಕೇತ ಕುಟ್ಟಿಯೇ ಮಾತಾಡಬೇಕು. ಉಳಿದ ಹೊಸಬರು ಅದಕ್ಕೆ ಶಾಪ ಹಾಕಿದರು. ದರ್ಜಿಗೆ ಮಾತ್ರ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು.

ಕೀ ಮೇಲೆ ಬೆರಳಿಟ್ಟರೆ ಅವನು ಬೇರೆಯೇ ಮನುಷ್ಯ. ಚುಕ್ಕೆ ಗೆರೆಗಳಲ್ಲಿ ಜೋಕು ಹೇಳಿದ, ಜಗಳ ಕಾದ, ಗಿರಾಕಿಗಳ ಮಾನ ಹರಾಜು ಹಾಕಿದ. ಕಡಲಾಚೆ ಒಬ್ಬ ಕನ್ನಡದ ಮುದುಕ ಸಿಕ್ಕಿದ, ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು. ಆತ ದರ್ಜಿಯನ್ನು 'ಮಾತುಗಾರ' ಎಂದೇ ಕರೆಯುತ್ತಿದ್ದ. "ಒಂದ್ಸಲ ನಿನ್ನ ದನಿ ಕೇಳಬೇಕಲ್ಲೋ ಮಾತುಗಾರ" ಎಂದು ಆತ ಕುಟ್ಟಿದಾಗಲೆಲ್ಲ ದರ್ಜಿ, "ನಿಯಮ ಬಿಡಲ್ಲ ಅಣ್ಣಾ" ಎಂದು ಕುಟ್ಟಿ ಬಚಾವಾಗುತ್ತಿದ್ದ. ಲೋಕದಲ್ಲಿ ಅವನನ್ನು ಉಗ್ಗ ಎಂದು ತಿಳಿಯದವನು ಆ ಮುದುಕನೊಬ್ಬನೇ. ಅವನೊಬ್ಬನನ್ನು ಉಳಿಸಿಕೊಂಡರೆ ದರ್ಜಿಗೆ ಸಾಕಾಗಿತ್ತು.

ಅಷ್ಟರಲ್ಲಿ ನಿಯಮ ಬದಲಾಯಿತು. ಹೊಸಬರೂ ಮೈಕಿನಲ್ಲಿ ಮಾತಾಡಬಹುದು ಎಂದಾಯಿತು.

ಕ್ಲಬ್ಬಿನ ಅಧ್ಯಕ್ಷ ಧ್ವನಿವರ್ಧಕ ಬಾಡಿಗೆಗೆ ಕೊಡುವ ಆಸಾಮಿ, ಬೆಕ್ಕಿಗೆ ಚೆಲ್ಲಾಟ ಎಂಬ ಜಾತಿಯವನು. ಮುದುಕನಿಗೆ ತಾನೇ ಸುದ್ದಿ ಮುಟ್ಟಿಸಿ ಭಾನುವಾರ ಬೆಳಿಗ್ಗೆಗೆ ಮಾತುಕತೆ ಗೊತ್ತುಮಾಡಿದ. ಎಲ್ಲರಿಗೂ ಕೇಳಲೆಂದು ಕ್ಲಬ್ಬಿನ ರೇಡಿಯೋಗೆ ದೊಡ್ಡ ಸ್ಪೀಕರ್ ಸಿಕ್ಕಿಸಿ, ಸಂಸಾರ ಸಮೇತ ಬರುವಂತೆ ಸದಸ್ಯರಿಗೆಲ್ಲ ಹೇಳಿ ಕಳಿಸಿದ. "ನಿನ್ನ ಮರ್ಯಾದೆಗೇ ಕಣಯ್ಯಾ ಇದೆಲ್ಲಾ" ಎಂದು ದರ್ಜಿಯ ಬೆನ್ನು ತಟ್ಟಿ ಕುರ್ಚಿಗೆ ಒತ್ತಿ ಕೂರಿಸಿದ.

"ಹೇಳು ಮಾತುಗಾರ, ಕೇಳ್ತಿದ್ದೀನಿ!" ಎಂದಿತು ಸ್ಪೀಕರು.

"ನ… ನ… ನ…" ಎಂದ ದರ್ಜಿ. ಹೇಳಬೇಕಾಗಿದ್ದದ್ದು ನಮಸ್ಕಾರ ಒಂದೇ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಅಯ್ಯೋ, ನಿನ್ನ ಮೈಕು ಕೆಟ್ಟಿದೆ ಕಣೋ! ಬರೀ ತುಂಡು ತುಂಡಾಗಿ ಬರ್ತಿದೆ. ಎಸೆದು ಬೇರೆ ತಗೋ" ಎಂದ ಮುದುಕ ಅಕ್ಕರೆಯಿಂದಲೇ. ಕ್ಲಬ್ಬಿನ ಸೂರು ಹಾರಿಹೋಗುವಂತೆ ನಗು ಎದ್ದಿತು. ಆಗ ಹೆಂಡತಿ, ಎಂದಿನ ಅಭ್ಯಾಸದಂತೆ, ಗಂಡನ ಕೈಯಿಂದ ಮೈಕು ಕಿತ್ತುಕೊಂಡು ಅವನ ಮಾತು ಮುಗಿಸಿದಳು: "ಹೌದು ಸ್ವಾಮಿ, ಕೆಟ್ಟಿದೆ. ಮೊದಲಿನಿಂದ್ಲೂ ಕೆಟ್ಟಿದ್ದೇ."

ಆಮೇಲೆ ಮುದುಕ ಸಿಕ್ಕಾಗಲೆಲ್ಲ ಕುಟ್ಟುತ್ತಿದ್ದ ಮೊದಲ ಪ್ರಶ್ನೆ, "ಮೈಕು ರಿಪೇರಿ ಆಯ್ತಾ?" ಒಮ್ಮೆ ದರ್ಜಿ 'ಇಲ್ಲ' ಎಂದು ಕುಟ್ಟಲು ಹೋದ. ಒಂದು ಚುಕ್ಕೆಯ ಜಾಗದಲ್ಲಿ ನಾಲ್ಕು ಬಿದ್ದವು. ಮೊದಲಿಂದ ಮತ್ತೆ ಕುಟ್ಟಿದ, ಆರು ಬಿದ್ದವು.

ಮುದುಕ ಕುಟ್ಟಿದ: "ಪಾಪ, ಕೀನೂ ಕೆಟ್ಟೋಯ್ತಾ?"