ಮನೆ ಬಿಡದ ಬಾಡಿಗೆದಾರರು

ಮಸ್ಕತ್ತಿನಲ್ಲಿ ಕೂತು ಬ್ರೂಕ್‌ಫೀಲ್ಡಿನ ಫ್ಲ್ಯಾಟನ್ನು ಬಾಡಿಗೆಗೆ ಕೊಡುವುದಿದೆಯಲ್ಲ, ಆ ಕರ್ಮ ಯಾರಿಗೂ ಬೇಡ. ನಾನು ಮಸ್ಕತ್ತಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಶುಕ್ರವಾರ ನನಗೆ ರಜೆ, ಬಾಡಿಗೆದಾರನಿಗೆ ಫ್ಯಾಕ್ಟರಿ. ಫೋನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕಂತೆ. ಭಾನುವಾರ ಅವನು ಬಿಡುವಾಗಿ ಫೋನ್ ಮಾಡಿದರೆ ನಾನು ತರಗತಿಯಲ್ಲಿ. ಇದರ ಮಧ್ಯೆ ಕೆಳಗಿನ ಮನೆಯವರು ತಮ್ಮ ಸೀಲಿಂಗಿನ ತೇವದ ಫೋಟೋ ಕಳಿಸಿ, “ನಿಮ್ ಬಾತ್‌ರೂಮ್ ಸೋರ್ತಿದೆ ಮೇಡಂ, ಸ್ವಲ್ಪ ಬಂದು ನೋಡಿ” ಅನ್ನುವರು. ಬಂದು ನೋಡೋಕೆ ನಾನೇನು ಮಾರತ್ತಹಳ್ಳಿಯಲ್ಲಿದ್ದೀನಾ?

ಆ ವರ್ಷ ಕೆಲಸ ಬಿಟ್ಟು ಊರಿಗೇ ಬಂದುಬಿಡುವುದೆಂದು ತೀರ್ಮಾನಿಸಿದೆ. ಒಂಟಿ ಜೀವ ನಾನು. ಗಂಟುಮೂಟೆ ಇಳಿಸಲು ನನ್ನದು ಅಂತ ಇದ್ದದ್ದು ಆ ಫ್ಲ್ಯಾಟ್ ಒಂದೇ, ಅದರಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ಮಳೆಗಾಲಕ್ಕೆ ಮುಂಚೆಯೇ ಬಾಡಿಗೆದಾರನಿಗೆ ಮನೆ ಬಿಡಿ ಎಂದು ಹೇಳಿದೆ.

“ಆಷಾಢದಾಗ ಮನಿ ಬದ್ಲಿ ಮಾಡಬಾರದ್ರಿ ಅಕ್ಕಾರ,” ಅಂದ. ಗದಗದ ಕಡೆಯ ಹುಡುಗ, ಮಾತು ಬೆಣ್ಣೆ. ಇರಲಿ ಅಂತ ಸುಮ್ಮನಾದೆ. ಶ್ರಾವಣದಲ್ಲಿ ಮನೆ ಸಿಗಲಿಲ್ಲವಂತೆ. ಆಮೇಲೆ ಪಿತೃಪಕ್ಷ. ದೀಪಾವಳಿ ಕಳೀಲ್ರಿ ಅಂದ, ಕಳೆಯಿತು. ನೋಡಿದರೆ ಧನುರ್ಮಾಸ! ಮೈಯೆಲ್ಲ ಉರಿದುಹೋಯಿತು ನನಗೆ.

“ನಿಮ್ಮ ಪಂಚಾಂಗದಲ್ಲಿ ಮನೆ ಬಿಡೋ ದಿನ ಅಂತ ಒಂದಾದ್ರೂ ಇದೆಯೇನ್ರೀ?” ಎಂದು ಕೂಗಾಡಿದೆ. “ಹಂಗಲ್ರಿ ಅಕ್ಕಾರ,” ಅಂದ ಆ ಕಡೆಯಿಂದ.

ಸಂಕ್ರಾಂತಿ ಮುಗಿದ ಕೂಡಲೇ ಬಂದಿಳಿದೆ. ಸಾಮಾನೆಲ್ಲ ರಾಜಾಜಿನಗರದ ಅಕ್ಕನ ಮನೆಯಲ್ಲಿ ಒಟ್ಟಿ, ನೆಟ್ಟಗೆ ಬ್ರೂಕ್‌ಫೀಲ್ಡಿಗೆ ಹೊರಟೆ. ಹೇಗೆ ಬಯ್ಯಬೇಕೆಂದು ದಾರಿಯುದ್ದಕ್ಕೂ ತಯಾರಿ. ಬೆಲ್ ಒತ್ತಿ ಎಷ್ಟೋ ಹೊತ್ತಿನ ಮೇಲೆ ಅವನ ಹೆಂಡತಿ ಬಾಗಿಲು ತೆಗೆದಳು. ಗೋಡೆ ಹಿಡಿದು ನಿಂತಿದ್ದಳು. ತುಂಬಿದ ಬಸುರಿ.

ನಾನು ಯಾರೆಂದು ಹೇಳಿದ ತಕ್ಷಣ ಅವಳ ಕಣ್ಣು ತುಂಬಿತು. “ಹೋದ ಸಲ ಬಸರಿದ್ದಾಗ ಮನಿ ಬದ್ಲಿ ಮಾಡಿದ್ವಿರಿ ಅಕ್ಕಾರ. ಆ ವಾರನ ಕೂಸು ಹೋತ್ರಿ. ಈ ಸಲ ಡಾಕ್ಟರ್ರು ಮಲಗೇ ಇರು ಅಂದಾರ. ಯಾರಿಗೂ ಹೇಳಿಲ್ರಿ, ದೃಷ್ಟಿ ಆಕ್ಕೈತೇನೋ ಅಂತ ಅಂಜಿಕಿ.” ಸೆರಗಿನಿಂದ ಮುಖ ಒರೆಸಿಕೊಂಡು, “ನೀವು ಹೋಗಂದ್ರ ಹೋಗ್ತೀವ್ರಿ,” ಅಂದಳು.

ತಾಯಿಯಿಲ್ಲದ ಹುಡುಗಿ, ಹೋಗಲು ತವರೂ ಇಲ್ಲವೆಂದು ಆಮೇಲೆ ತಿಳಿಯಿತು. ಅವಳ ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋದೆ.

“ಮೊದಲು ಮಲಕ್ಕೋ ಹೋಗಮ್ಮ,” ಎಂದು ಗದರಿದೆ. “ಆ ಸಣ್ಣ ರೂಮು ನನಗೆ ಬಿಟ್ಟುಕೊಡಿ, ಸಾಕು. ನಿಮ್ಮನೇಲಿ ನಾನೇ ಬಾಡಿಗೆಗಿರ್ತೀನಿ.”

ಹೀಗೆ ನನ್ನ ಮನೆಗೆ ನಾನು ಸೇರಿಕೊಂಡೆ. ಸಂಜೆ ಕೆಲಸದಿಂದ ಬಂದ ಹುಡುಗ ನನ್ನನ್ನು ನೋಡಿ ಬಾಗಿಲಲ್ಲೇ ಬೆವೆತುಹೋದ, ಪಾಪ! ಅವಳು ಮಲಗಿದಲ್ಲಿಂದಲೇ ಹೇಳಿಕೊಡುವಳು, ನಾನು ರೊಟ್ಟಿ ಬಡಿಯುವೆ, ಒಂದೂ ದುಂಡಗಾಗಲಿಲ್ಲ. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರೆ ನೋವು ಬಂತೇನೋ ಎಂದು ನಾನು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ.

ಹೆಣ್ಣು ಮಗು. ಗುಂಡಗೆ, ಚೆನ್ನಾಗಿ ಹುಟ್ಟಿತು. ಗಣಿತ ಬಿಟ್ಟು ಬೇರೇನೂ ಬಾರದ ನಾನು ಅಕ್ಕನನ್ನು ಕೇಳಿ ಕೇಳಿ ಬಾಣಂತನ ಕಲಿತೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದನ್ನೂ ಕಲಿತೆ. ಮೊದಲ ದಿನ ಮಗುವಿಗಿಂತ ನಾನೇ ಹೆಚ್ಚು ಅತ್ತೆ.

ಬಾಣಂತನ ಮುಗಿದ ಮೇಲೆ ಒಂದು ಬೆಳಿಗ್ಗೆ ಹುಡುಗ ತಲೆ ಕೆರೆದುಕೊಳ್ಳುತ್ತ ಬಂದು ನಿಂತ. ಕಾಡುಗೋಡಿಯಲ್ಲಿ ಮನೆ ಸಿಕ್ಕಿದೆ, ಮುಂದಿನ ವಾರ ಹೋಗ್ತೀವಿ ಅಂದ. ಎರೆದ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

“ಯಾರ್ರೀ ನಿಮಗೆ ಹೋಗಿ ಅಂದಿದ್ದು?” ಎಂದು ಸಿಡುಕಿದೆ.

ಅವನು ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. “ನೀವ ಅಂದಿದ್ರಲ್ರಿ ಅಕ್ಕಾರ,” ಅಂದ ಮೆಲ್ಲಗೆ.

ಹೌದು, ನಾನೇ ಅಂದಿದ್ದೆ. ಅವರ ಪಾಡಿಗೆ ಅವರಿಗೂ ಒಂದು ಸಂಸಾರ ಬೇಕಲ್ಲ, ಹೋದರು. ಟೆಂಪೋ ಗೇಟು ದಾಟುವವರೆಗೂ ಬಾಲ್ಕನಿಯಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದು, ಅಷ್ಟು ಜಗಳವಾಡಿ ಬಿಡಿಸಿಕೊಂಡ ನನ್ನ ಸ್ವಂತ ಮನೆಯಲ್ಲಿ ಒಬ್ಬಳೇ ಕೂತು ಗೊಳೋ ಎಂದು ಅತ್ತುಬಿಟ್ಟೆ.