ಕೇಳದ ಮಾಫಿ

ತಾಳಿಕೋಟೆ ಸಮೀಪದ ಒಂದು ವಸತಿ ಮದರಸಾದಲ್ಲಿ ನಾನು ಕನ್ನಡ ಮಾಸ್ತರ. ಸಿಬ್ಬಂದಿಯಲ್ಲಿ ಲಿಂಗ ಕಟ್ಟಿದವನು ನಾನೊಬ್ಬನೇ. ಯಾರ ಬಳಗದವನೂ ಅಲ್ಲವೆಂಬ ಕಾರಣಕ್ಕೆ, ಮಾತು ಬಿಟ್ಟವರ ನಡುವೆ ಮಾತು ಮುಟ್ಟಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಕುರಾನ್ ಕಲಿಸುವ ಹಿರಿಯ ಉಸ್ತಾದರಿಗೂ ಅಡುಗೆಯವನಿಗೂ ಆ ವರ್ಷ ಮಾತು ನಿಂತಿತ್ತು. ಊಟದ ಹೊತ್ತಿನಲ್ಲಿ ಉಸ್ತಾದರು "ಉಪ್ಪು ಒಂಚೂರು ಜಾಸ್ತಿ ಆಗೈತಿ" ಎಂದಿದ್ದರು, ಅಷ್ಟೇ. ಪಕ್ಕದಲ್ಲಿ ನಾನೇ ಇದ್ದೆ. ಅಡುಗೆಮನೆ ಮುಟ್ಟುವಷ್ಟರಲ್ಲಿ ಅದು "ಇವನ ಕೈಯೇ ಹೊಲಸು" ಎಂದಾಗಿತ್ತು. ತಾವು ಹಾಗೆ ಅಂದಿಲ್ಲವೆಂದು ಯಾರಾದರೂ ನಂಬಲಿ ಎಂಬುದೊಂದೇ ಉಸ್ತಾದರಿಗೆ ಬೇಕಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಎರಡೂ ಕಡೆ ಬೇಕಾದವನಾಗಿರುವ ಚಟ ನನಗೆ.

ಒಂದು ಮಧ್ಯಾಹ್ನ ಉಸ್ತಾದರು ಕರೆದರು. "ಮಾಸ್ತರ್ರ, ಮೊಣಕಾಲು ಬಾತಾವ. ನಸುಕಿನ್ಯಾಗ ಹುಡುಗರನ್ನ ಎಬ್ಬಿಸೂ ಪಾಳಿ ಮಾಫ್ ಮಾಡ್ರಿ ಅಂತ ನಾಜಿಮ್ ಸಾಹೇಬರಿಗೆ ಹೇಳ್ರಿ." ನಾಜಿಮರೆಂದರೆ ನಮ್ಮ ಮುಖ್ಯಸ್ಥರು. ಸಿಂದಗಿ ಬಸ್ಸಿನ ಅವಸರದಲ್ಲಿದ್ದ ನಾನು ಅವರ ಕೋಣೆಗೆ ಇಣುಕಿ, "ಉಸ್ತಾದರು ಮಾಫಿ ಕೇಳ್ಯಾರ್ರಿ" ಎಂದಷ್ಟೇ ಹೇಳಿ ಓಡಿದೆ.

ಮರುದಿನ ನಾಜಿಮರು ಎಲ್ಲರನ್ನೂ ಕೂಡಿಸಿದರು. ನನಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದರು. "ಉಸ್ತಾದರು ತಪ್ಪು ಒಪ್ಕೊಂಡು ಮಾಫಿ ಕೇಳ್ಯಾರ. ಇನ್ನ ಇಬ್ಬರೂ ಅಪ್ಪಿಕೊಳ್ರಿ." ಅವರ ಕಣ್ಣು ತುಂಬಿ ಬಂದಿತ್ತು. ಉಸ್ತಾದರು ನನ್ನತ್ತ ನೋಡಿದರು. ಆಗಲೇ ನನ್ನ ಎಡವಟ್ಟು ನನಗೆ ತಿಳಿದದ್ದು. ಹೇಳಿಬಿಟ್ಟರೆ ಕೂಡಿದ ಮನಸ್ಸು ಮತ್ತೆ ಒಡೆಯುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೆಂದರೆ, ನನ್ನ ಮಾನ ಹೋದೀತೆಂಬ ಹೆದರಿಕೆ. ಉಸ್ತಾದರು ಗೋಡೆ ಹಿಡಿದು ಎದ್ದು ಅಡುಗೆಯವನನ್ನು ಅಪ್ಪಿಕೊಂಡರು. ಎಲ್ಲರಿಗೂ ಚಹಾ ಬಂತು.

ಮಾಡದ ತಪ್ಪನ್ನು ಹೊತ್ತು ಅಲ್ಲಿ ಇರಲು ಅವರಿಗೆ ಆಗಲಿಲ್ಲ. ವಾರದೊಳಗೆ ರಾಜೀನಾಮೆ ಕೊಟ್ಟು ತಮ್ಮೂರು ತಂಗಡಗಿಗೆ ಹೊರಟರು. ಬಸ್ ನಿಲ್ದಾಣದವರೆಗೆ ಅವರ ಟ್ರಂಕು ಹೊತ್ತು ಹೋದೆ. ಅವಸರದಲ್ಲಿ ಪಾಳಿಯ ಮಾತು ಬಿಟ್ಟುಹೋಯಿತು, ತಪ್ಪಾಯಿತು ಎಂದೆ.

"ನಾಲಿಗಿ ತಪ್ಪೂದು ಇರ್ತೈತಿ, ಮಾಸ್ತರ್ರ," ಎಂದರು. "ಆದರ ಮರುದಿನ ಎಲ್ಲಾರ ಮುಂದ ಸುಮ್ಮನ ಕುಂತ್ರಲ್ಲ, ಅದು ನಾಲಿಗಿ ತಪ್ಪಿದ್ದಲ್ರಿ."