ಅಪ್ಪನ ರ‍್ಯಾಲಿ ಕಾರಿಗೆ ಎಥೆನಾಲ್ ಹಾಕಿದ್ದು

ಹಿಡಕಲ್ ರಸ್ತೆಯಲ್ಲಿ ಅಪ್ಪ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ದರು. ಇಂಜಿನ್ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದು ಬಂತು. ಆಮೇಲೆ ನೀಲಿ ಹೊಗೆ... ಕಾರು ಅಲ್ಲೇ ನಿಂತುಬಿಟ್ಟಿತು.

ಅಪ್ಪ ಕೊಣ್ಣೂರಿನಲ್ಲಿ ಕಬ್ಬು ಬೆಳೆಯುವವರು. ಹರೆಯದಲ್ಲಿ ಈ ಟರ್ಬೊ ಕಾರಿನಲ್ಲೇ ರ‍್ಯಾಲಿಗಳಿಗೆ ಹೋಗುತ್ತಿದ್ದರು.

ಶುಗರ್‌ನಿಂದ ಅವರ ಎಡಗಣ್ಣು ಹೋಗಿತ್ತು. ಬಲಗಣ್ಣೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ ಸಂಜೆ ಅಪ್ಪ ನನ್ನನ್ನು ಕರೆದರು.

"ನಮ್ಮ ಕಬ್ಬಿನ ಎಣ್ಣಿ ಹಾಕಿ ಒಮ್ಮಿ ಇದನ್ನ ಓಡಿಸ್ಬೇಕವ್ವಾ, ಕಣ್ಣು ಇರೋದ್ರಾಗ."

ಕಬ್ಬಿನ ಎಣ್ಣೆ ಅಂದರೆ ಕಬ್ಬಿನಿಂದ ತೆಗೆಯುವ ಎಥೆನಾಲ್. ಅವರು ಬೇರೇನೂ ಕೇಳಿರಲಿಲ್ಲ. ಹೇಗೆ ಬೇಡ ಅನ್ನಲಿ?

ಗೋಕಾಕದಲ್ಲಿ ಗ್ಯಾರೇಜ್ ಇಟ್ಟಿರುವ ಸಲೀಮ್ ಕಾಕಾ ಅಪ್ಪನ ಹಳೆಯ ಗೆಳೆಯರು. ಎಥೆನಾಲ್ ಹೆಚ್ಚು ಹರಿಯಬೇಕೆಂದು ದೊಡ್ಡ ಇಂಜೆಕ್ಟರ್, ಹೊಸ ಪಂಪು, ಹೊಸ ಪೈಪುಗಳು ಎಲ್ಲ ಹಾಕಿದರು. ನಾನು ಲ್ಯಾಪ್‌ಟಾಪ್ ಹಿಡಿದು ಟ್ಯೂನಿಂಗ್ ಮಾಡಿದೆ. ಪೆಟ್ರೋಲ್ ಟ್ಯಾಂಕ್ ಒಂದು ಮಾತ್ರ ಹಳೆಯದೇ ಉಳಿಯಿತು.

"ಟಾಕಿ ಒಳಗ ತುಕ್ಕು ಐತ್ರಿ ಅಣ್ಣಾರ. ಎಥೆನಾಲ್ ಅದನ್ನೆಲ್ಲಾ ಕಿತ್ತು ಎಬ್ಬಿಸ್ತೈತಿ. ಹೊಸಾದು ಮಾಡ್ಸೋಣು, ಒಂದು ತಿಂಗಳು ತಡೀರಿ," ಎಂದರು ಕಾಕಾ.

"ಸಲೀಮಾ, ನನ್ನ ಕಣ್ಣು ತಡೀತೈತೇನೋ?" ಎಂದರು ಅಪ್ಪ.

ಟ್ಯಾಂಕನ್ನು ತೊಳೆದು ಹಾಗೇ ಕೂರಿಸಿದೆವು.

ದೂರದ ಬಂಕಿನಿಂದ ಎಥೆನಾಲ್ ತಂದು ತುಂಬಿ, ಮಧ್ಯಾಹ್ನ ಖಾಲಿ ರಸ್ತೆ ನೋಡಿ ಹೊರಟೆವು. ನಾನು ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟೇ ಕೂತಿದ್ದೆ. ಸ್ವಲ್ಪ ಹೊತ್ತು ಅಪ್ಪ ನಗುತ್ತಿದ್ದರು... ನಿಜವಾಗಿ ನಗುತ್ತಿದ್ದರು.

ಕಾರು ನಿಂತ ಮೇಲೆ ಬಿಚ್ಚಿ ನೋಡಿದರೆ, ಟ್ಯಾಂಕಿನ ತುಕ್ಕು ಬಂದು ಫಿಲ್ಟರ್‌ನಲ್ಲಿ ಕಟ್ಟಿಕೊಂಡಿತ್ತು. ಎಥೆನಾಲ್ ಸಾಕಷ್ಟು ಹರಿಯದೆ ಇಂಜಿನ್ ವಿಪರೀತ ಕಾದು ಪಿಸ್ಟನ್ ಕರಗಿತ್ತು. ಇಂಜಿನ್ ಬ್ಲಾಕ್ ಕೂಡ ಬಿರುಕು ಬಿಟ್ಟಿತ್ತು.

ಆ ಮಾಡೆಲ್ ತಯಾರಿಕೆ ನಿಂತು ಎಷ್ಟೋ ವರ್ಷಗಳಾಗಿವೆ. ಬೇರೆ ಇಂಜಿನ್‌ಗಾಗಿ ಮೂಡಲಗಿ, ಹುಕ್ಕೇರಿಯ ಗುಜರಿ ಅಂಗಡಿಗಳನ್ನೆಲ್ಲ ತಿರುಗಿದೆ. ಆನ್‌ಲೈನ್‌ನಲ್ಲೂ ಹುಡುಕಿದೆ. ಕೊನೆಗೆ ಕಾಕಾನೇ ಹೇಳಿದರು, "ಸಿಗೂದಿಲ್ಲ ಮಗಳ, ಬಿಟ್ಟುಬಿಡು."

ಅಷ್ಟರಲ್ಲಿ ಅಪ್ಪನ ಬಲಗಣ್ಣೂ ಹೋಯಿತು.

ಈಗ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಾರೆ. ಬಾನೆಟ್ ಮೇಲೆ ಕೈಯಾಡಿಸಿ ಕೇಳುತ್ತಾರೆ, "ಇಂಜಿನ್ ಬಂತೇನವ್ವಾ?"

"ಬರಾಕತ್ತೈತ್ರಿ ಅಪ್ಪಾ," ಅನ್ನುತ್ತೇನೆ.

ನಾಳೆ ಬೆಳಿಗ್ಗೆಯೂ ಕೇಳುತ್ತಾರೆ... ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?